ಎಮ್ಮೆಯ ಮುಖ ಮತ್ತು ಸಂಘದ ಲೀಟರು

ವಾದದ ನಡುವೆ ಬರುವ ವೈಯಕ್ತಿಕ ನಿಂದನೆಯನ್ನು ಖುದ್ದು ಪರಿಶೀಲಿಸಿಯೇ ಇತ್ಯರ್ಥಪಡಿಸತಕ್ಕದ್ದೆಂದು ೧೯೯೧ರಲ್ಲಿ ಕರಡಿಗುಂಟೆ ಹಾಲು ಉತ್ಪಾದಕರ ಸಂಘವು ಸರ್ವಾನುಮತದಿಂದ ತೀರ್ಮಾನಿಸಿತು. ಸೂಲಿಬೆಲೆ ಸುತ್ತಮುತ್ತ ಬೇರೆ ಯಾವ ಸಂಘಕ್ಕೂ ಈ ಭಾಗ್ಯವಿಲ್ಲ. ನಾನು ಅದರ ನಿರ್ದೇಶಕರಲ್ಲೊಬ್ಬ, ಹೆಮ್ಮೆಯಿಂದಲೇ ಹೇಳುತ್ತೇನೆ.

ಇದಕ್ಕೆ ಕಾರಣಳಾದವಳು ಮುನಿವೆಂಕಟಮ್ಮ. ಇರುವುದೊಂದೇ ಹಸು, ಅದರ ಹಾಲಿನಿಂದಲೇ ಅವಳ ಮನೆ ಒಲೆ ಉರಿಯಬೇಕು. ಮನೆಯಲ್ಲಿ ನಾಲ್ಕು ಲೀಟರಿದ್ದ ಹಾಲು ಸಂಘದ ಅಳತೆ ಪಾತ್ರೆಗೆ ಬಂದರೆ ಮೂರೂವರೆ ಆಗುತ್ತಿತ್ತು. ಆ ಪಾತ್ರೆಗೆ ಊರಲ್ಲಿ ಲೀಟರೆಂದೇ ಹೆಸರು. ಸಭೆಯಲ್ಲಿ ಎದ್ದುನಿಂತು ಕಾರ್ಯದರ್ಶಿ ದೇವೇಂದ್ರನನ್ನು ಕೇಳಿಯೇಬಿಟ್ಟಳು.

"ಅಣ್ಣಾ, ಆ ಲೀಟರು ತಳ ಬಡಿದು ಹೊರಕ್ಕೆ ಉಬ್ಬಿಸ್ದಂಗದೆ. ಬೇರೆ ಲೀಟರ್ ತಂದು ಒಂದ್ಸಲ ನೋಡ್ಬಾರ್ದಾ?"

"ಎಮ್ಮೆ ಮೊಕದೋಳೆ, ಕೂತ್ಕೊ ಸುಮ್ನೆ," ಎಂದ ದೇವೇಂದ್ರ.

ಗದ್ದಲವೋ ಗದ್ದಲ. ಲೀಟರನ್ನು ಎಲ್ಲರೂ ಮರೆತರು. ಅಧ್ಯಕ್ಷ ಪಿಳ್ಳಣ್ಣನವರು ಮೇಜು ಕುಟ್ಟಿ ನಿಯಮ ಘೋಷಿಸಿದರು: "ಬೈಗುಳ ನಿಜವಾಗಿದ್ದರೆ ಅದು ಮಾಹಿತಿ. ಸುಳ್ಳಾಗಿದ್ದರೆ ಅದು ಬೇರೆ ಯಾರಿಗೋ ಸೇರಿದ್ದು. ಎರಡರಲ್ಲಿ ಯಾವುದೆಂದು ತಿಳಿಯುವವರೆಗೆ ಬೈಸಿಕೊಂಡವರ ಪ್ರಶ್ನೆಯನ್ನು ಎತ್ತತಕ್ಕದ್ದಲ್ಲ." ಎಷ್ಟು ನ್ಯಾಯವಾದ ಮಾತು! ನಾವು ಚಪ್ಪಾಳೆ ತಟ್ಟಿದೆವು.

ಮರುದಿನ ಊರಿನ ಬೈಲಪ್ಪನ ಎಮ್ಮೆಗೆ ಮೈ ತೊಳೆಸಿ ಸಂಘದ ಮುಂದೆ ಕಟ್ಟಿ, ಪಕ್ಕದಲ್ಲಿ ಮುನಿವೆಂಕಟಮ್ಮನನ್ನು ನಿಲ್ಲಿಸಲಾಯಿತು. ಪರಿಶೀಲನಾ ಸಮಿತಿಯವರಾದ ನಾವು ಎದುರಿನಿಂದ ನೋಡಿದೆವು, ಪಕ್ಕದಿಂದ ನೋಡಿದೆವು, ನೆರಳಿಗೆ ಕರೆದು ಮತ್ತೆ ನೋಡಿದೆವು. ಎಮ್ಮೆ ಪೂರ್ಣವಾಗಿ ಸಹಕರಿಸಿತು. ಆಕೆ ಮಾತ್ರ ಆಗಾಗ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದುದರಿಂದ ಕೆಲಸ ತಡವಾಯಿತು. ಹೋಲುವುದಿಲ್ಲವೆಂದು ವರದಿ ಕೊಟ್ಟು, ಆಕೆಗೊಂದು ಹಾರ ಹಾಕಿದೆವು.

"ಹಾರ ಇರ್ಲಿ ಸ್ವಾಮಿ. ಲೀಟರು?"

"ಕತ್ತೆ," ಎಂದ ದೇವೇಂದ್ರ, ಬಾಯಲ್ಲಿದ್ದ ಎಲೆಯಡಿಕೆ ಕೂಡ ಉಗಿಯದೆ.

ಊರಲ್ಲಿ ಕತ್ತೆ ಇರಲಿಲ್ಲ. ಹೊಸಕೋಟೆ ಕಡೆಯಿಂದ ಹಿಡಿದು ತರಿಸುವಷ್ಟರಲ್ಲಿ ಶ್ರಾವಣ ಕಳೆಯಿತು. ಕತ್ತೆಯಾದ ಮೇಲೆ ಕೋತಿ. ಅಷ್ಟರಲ್ಲಿ ಒಂದು ಕರುವನ್ನೂ ಸಾಕದ ದೇವೇಂದ್ರ ತುಪ್ಪದ ಅಂಗಡಿ ಇಟ್ಟ. ಶ್ರಮಪಟ್ಟರೆ ಏನು ತಾನೇ ಆಗದು!

ಕೊನೆಗೊಂದು ದಿನ ಮುನಿವೆಂಕಟಮ್ಮ ಸೆರಗು ಬಿಗಿದು ಎದ್ದಳು. "ದೇವೇಂದ್ರಪ್ಪ ಕಳ್ಳ. ತಗಳ್ರಪ್ಪಾ, ನಾನೂ ಬೈದಿದೀನಿ. ನಿಜಾನೋ ಸುಳ್ಳೋ ನೋಡ್ರಿ ಈಗ."

ಇದನ್ನು ಪರಿಶೀಲಿಸಬೇಕಾದರೆ ಲೀಟರನ್ನು ಮುಟ್ಟಲೇಬೇಕು. ನಾವೆಲ್ಲ ಅಧ್ಯಕ್ಷರತ್ತ ತಿರುಗಿದೆವು. ಆದರೆ ಪಿಳ್ಳಣ್ಣನವರು ಸಾಮಾನ್ಯರಲ್ಲ. ಪದ್ಧತಿ ಎಂದರೆ ಪದ್ಧತಿ, ಎಮ್ಮೆಗೆ ಎಮ್ಮೆ ತಂದಂತೆ ಕಳ್ಳನಿಗೆ ಕಳ್ಳನನ್ನೇ ತರಬೇಕು ಎಂದರು.

ಸಂತೆಯಲ್ಲಿ ಜೇಬು ಕತ್ತರಿಸಿ ಜೈಲು ಕಂಡು ಬಂದಿದ್ದ ಸೊಣ್ಣಪ್ಪನನ್ನು ಬಸ್ ಚಾರ್ಜು ಕೊಟ್ಟು ಕರೆಸಿದೆವು. ಇಬ್ಬರನ್ನೂ ಜೊತೆಗೆ ನಿಲ್ಲಿಸಿ ನೋಡಿದರೆ, ಸೊಣ್ಣಪ್ಪ ಬಡಕಲು, ಬರಿಗಾಲು, ಹರಕಲು ಅಂಗಿ. ದೇವೇಂದ್ರ ತುಂಬಿದ ಮೈಯವನು, ಗರಿಗರಿ ಇಸ್ತ್ರಿ, ಕೈಗೆ ಹೊಸ ವಾಚು. ಲವಲೇಶವೂ ಹೋಲಿಕೆಯಿಲ್ಲ. ದೇವೇಂದ್ರ ಕಳ್ಳನಲ್ಲವೆಂದು ಸಾಬೀತಾಯಿತು.

ಹೊರಡುವಾಗ ಸೊಣ್ಣಪ್ಪ ಮೂಲೆಯಲ್ಲಿದ್ದ ಲೀಟರನ್ನು ಎತ್ತಿಕೊಂಡು, ತಳವನ್ನು ಬೆರಳಿನಿಂದ ಸವರಿ ನೋಡಿ, ದೇವೇಂದ್ರನಿಗೆ ಕೈಮುಗಿದ. "ಗುರುಗಳೇ, ಇದನ್ನ ಎಲ್ಲಿ ಮಾಡಿಸಿದ್ರಿ? ನಾನು ಬ್ಲೇಡ್ ಹಿಡ್ಕೊಂಡು ಹಾಳಾಗೋದ್ನಲ್ಲ!"

ವಿಷಯಕ್ಕೆ ಸಂಬಂಧಿಸದ ಮಾತಾದ್ದರಿಂದ ಸಭೆ ಅದನ್ನು ಪರಿಗಣಿಸಲಿಲ್ಲ. ಮುಂದೆಯೂ ಹೋಲಿಕೆಗೆ ಬೇಕಾದೀತೆಂದು ಅವನನ್ನು ಮಾತ್ರ ಸಂಘದಲ್ಲೇ ಉಳಿಸಿಕೊಂಡೆವು. ಈಗ ಬೆಳಿಗ್ಗೆ ಹಾಲು ಅಳೆಯುವವನು ಅವನೇ, ಅದೇ ಲೀಟರಿನಲ್ಲಿ. ಯಾರದೂ ತಕರಾರಿಲ್ಲ. ಮುನಿವೆಂಕಟಮ್ಮನೂ ಬಾಯಿಮುಚ್ಚಿಕೊಂಡು ಸಾಲಿನಲ್ಲಿ ನಿಲ್ಲುತ್ತಾಳೆ. ಈಗ ಸಮಾಧಾನವೇನಮ್ಮ ಎಂದು ಮೊನ್ನೆ ನಾನೇ ವಿಚಾರಿಸಿದೆ.

"ಏನೋ ಸ್ವಾಮಿ, ಈ ಕಳ್ಳನೇ ವಾಸಿ," ಎಂದಳು. "ಅಳೆಯೋವಾಗ ನನ್ನ ಮೊಕ ನೋಡಕ್ಕೆ ನಾಚ್ಕೊಂತಾನೆ."

ಈ ಪ್ರಶಂಸೆಯನ್ನು ಸಂಘವು ಸಂತೋಷದಿಂದ ಸ್ವೀಕರಿಸಿತು.