ಬೆನ್ನ ಹಿಂದೆ ಬಸ್ಸು, ಬಸ್ಸಿನಲ್ಲಿ ಹೆಂಡತಿ

"ಬರೆದಿಟ್ಕೊಳ್ಳಿ! ಈ ಸಲ ನಲವತ್ತೆರಡು ಕಿಲೋಮೀಟರ್ ಮುಗಿಸದೆ ಇದ್ರೆ ಈ ಶೂನ ಇದೇ ಕತ್ತರೀಲಿ ಕತ್ತರಿಸಿ ಎಸೆದುಬಿಡ್ತೀನಿ!"

ನಮ್ಮ ಟೈಲರು ಹೀಗೆ ಘೋಷಿಸಿದಾಗ ಅಂಗಡಿಯಲ್ಲಿದ್ದದ್ದು ಒಬ್ಬರೇ ಗಿರಾಕಿ, ಪಕ್ಕದ ಔಷಧಿ ಅಂಗಡಿಯವರು. ಅವರ ಎದೆಯ ಸುತ್ತ ಟೇಪು ಬಿಗಿದಿತ್ತು. ಆದ್ದರಿಂದ ಪಾಪ, ಎದ್ದು ಹೋಗುವ ಹಾಗೂ ಇರಲಿಲ್ಲ.

"ಶೂ ಕತೆ ಆಮೇಲೆ. ನನ್ನ ಪ್ಯಾಂಟು ಏನಾಯ್ತು?"

"ನಾಳೆ ಬನ್ನಿ."

"ಈ ನಾಳೆ ಶುರುವಾಗಿ ಮೂರು ತಿಂಗಳಾಯ್ತಲ್ರೀ!"

"ಓಟದ ತಯಾರಿ ಸ್ವಾಮಿ! ನೀವೂ ಹೆಸರು ಕೊಡಿ, ಹೊಟ್ಟೆ ಕರಗುತ್ತೆ. ಪ್ಯಾಂಟು ಅಷ್ಟಕ್ಕೆ ತಕ್ಕಂತೆ ಹೊಲೀತೀನಿ."

ಇಪ್ಪತ್ತಾರು ವರ್ಷ ಹೊಲಿಗೆ ಮಿಷನ್ ತುಳಿದ ಕಾಲುಗಳು ತಮ್ಮವು, ಲೆಕ್ಕ ಹಾಕಿದರೆ ಇಷ್ಟರಲ್ಲಿ ಭೂಮಿಯನ್ನು ಎರಡು ಸುತ್ತು ಬಂದಿರಬೇಕು, ಕೂತಲ್ಲೇ ಬಂದದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ ಅಷ್ಟೆ, ಎಂಬುದು ಟೈಲರ ವಾದ. ಆದರೆ ಆ ವಿಶ್ವವಿಖ್ಯಾತ ಕಾಲುಗಳು ಮೂರು ವರ್ಷದಿಂದ ಮೂರು ಮ್ಯಾರಥಾನ್ ಓಡಿ ಮೂರನ್ನೂ ಮುಗಿಸಿರಲಿಲ್ಲ. ಮೊದಲನೇ ವರ್ಷ ಹದಿನೆಂಟನೇ ಕಿಲೋಮೀಟರಿನಲ್ಲಿ ಹೊಟ್ಟೆ ಕೈಕೊಟ್ಟಿತು. ಎರಡನೇ ವರ್ಷ ಹಳದಿ ಅಂಗಿಯವನೊಬ್ಬನ ಬೆನ್ನು ಹಿಡಿದು ಓಡಿದರು. ಆತ ಸ್ಪರ್ಧಿಯೇ ಅಲ್ಲ, ರೈಲು ತಪ್ಪೀತೆಂದು ಓಡುತ್ತಿದ್ದ ಪ್ರಯಾಣಿಕ ಎಂದು ಗೊತ್ತಾದದ್ದು ಸ್ಟೇಷನ್ನಿನ ಪ್ಲಾಟ್‌ಫಾರ್ಮಿನ ಮೇಲೆ! ಮೂರನೇ ವರ್ಷ ಮೂವತ್ತೊಂದರಲ್ಲಿ ಬಸ್ಸು ಹಿಡಿಯಿತು.

ಈ ಬಸ್ಸಿನ ವಿಷಯ ಹೇಳಲೇಬೇಕು. ಓಟಗಾರರೆಲ್ಲರ ಹಿಂದೆ ಖಾಲಿ ಬಸ್ಸೊಂದು ಬರುತ್ತದೆ. ಗಂಟೆಗೆ ಆರು ಕಿಲೋಮೀಟರು, ಒಂದು ಗುಲಗಂಜಿ ಹೆಚ್ಚಿಲ್ಲ, ಕಮ್ಮಿಯಿಲ್ಲ. ಬೆಳಗಿನ ಐದಕ್ಕೆ ಹೊರಟು ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ಕೊನೆ ಮುಟ್ಟುತ್ತದೆ. ದಾರಿಯಲ್ಲಿ ಅದು ಯಾರನ್ನು ಹಿಂದಿಕ್ಕುತ್ತದೋ ಅವರ ಓಟ ಅಲ್ಲಿಗೆ ಮುಗಿಯಿತು. ಎದೆಗೆ ಚುಚ್ಚಿದ ನಂಬರು ಬಿಚ್ಚಿಕೊಟ್ಟು ತೆಪ್ಪಗೆ ಹತ್ತಿ ಕೂರಬೇಕು. ಹೆಸರಿಗೆ ಸಹಾಯ ವಾಹನ. ಟೈಲರಿಗೆ ಮಾತ್ರ ಅದು ಚಕ್ರ ಕಟ್ಟಿಕೊಂಡ ಯಮನ ಕೋಣ.

ಓಟಕ್ಕೆ ನಾಲ್ಕು ದಿನ ಇದೆ ಎನ್ನುವಾಗ ಅವರ ಹೆಂಡತಿ ಕೆಲಸ ಮುಗಿಸಿ ಬಂದವರೇ ಟೋಪಿ ತೆಗೆದು ಮೇಜಿನ ಮೇಲಿಟ್ಟರು. ಅವರು ಸಿಟಿ ಬಸ್ಸಿನ ಕಂಡಕ್ಟರು. ಊರಿಗೆಲ್ಲ ಕಂಡಕ್ಟರಮ್ಮ.

"ರೀ, ಭಾನುವಾರ ನನಗೆ ಸ್ಪೆಷಲ್ ಡ್ಯೂಟಿ ಬಿದ್ದಿದೆ."

"ಯಾವ ರೂಟು?"

"ನಿಮ್ಮ ಹಿಂದೆ."

ಟೈಲರ ಕೈಯಲ್ಲಿದ್ದ ನೀರಿನ ಲೋಟ ಅಲ್ಲೇ ನಿಂತಿತು. ಕಂಡಕ್ಟರಮ್ಮನದು ಹತ್ತೊಂಬತ್ತು ವರ್ಷದ ಸರ್ವೀಸು. ಅವರ ಬಸ್ಸು ಬಂದರೆ ದಾರಿಯ ಮನೆಯವರು ಗೋಡೆ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಒಮ್ಮೆ ಸ್ವಂತ ಅತ್ತೆ ಹತ್ತು ಹೆಜ್ಜೆ ದೂರದಿಂದ ಕೈ ಬೀಸುತ್ತಾ ಓಡಿಬರುತ್ತಿದ್ದರೂ, ಹೊತ್ತಾಯಿತೆಂದು ಸೀಟಿ ಊದಿ ಬಸ್ಸು ಹೊರಡಿಸಿದ ಮಹಾತಾಯಿ! ಅತ್ತೆ ಎರಡು ವರ್ಷ ಮಾತು ಬಿಟ್ಟಿದ್ದರು.

"ನೋಡೇ... ಅಕಸ್ಮಾತ್ ನಾನು ಒಂಚೂರು ಹಿಂದೆ ಬಿದ್ರೆ..."

"ನಂಬರ್ ಬಿಚ್ಚಿಸಿ ಹತ್ತಿಸ್ತೀನಿ."

"ಅಷ್ಟು ಸಲೀಸಾಗಿ ಹೇಳ್ಬಿಟ್ಯಲ್ಲ!"

"ಎಲ್ಲರಿಗೂ ಒಂದೇ ರೂಲ್ಸು ಕಣ್ರೀ."

ಟೈಲರು ಲೋಟ ಕೆಳಗಿಟ್ಟರು. ಅಂಗಡಿಯ ಪೌರುಷವೆಲ್ಲ ಸೋರಿಹೋಗಿ ದನಿ ಸಣ್ಣಗಾಯಿತು. "ನಾನು ಈ ಜನ್ಮದಲ್ಲಿ ಒಂದು ಕೆಲಸಾನೂ ಹೇಳಿದ ಹೊತ್ತಿಗೆ ಮುಗಿಸಿಲ್ಲ ಕಣೇ. ನನ್ನ ಮದುವೆ ಕೋಟಿಗೇ ಒಂದು ತೋಳು ಇರಲಿಲ್ಲ."

"ಗೊತ್ತು. ಫೋಟೋದಲ್ಲಿ ಅದು ಕಾಣದ ಹಾಗೆ ಅಡ್ಡ ನಿಂತವಳು ನಾನೇ ಅಲ್ವಾ?"

"ಇದೊಂದನ್ನಾದ್ರೂ ಹೊತ್ತಿಗೆ ಸರಿಯಾಗಿ ಮುಗಿಸಬೇಕು. ಐವತ್ತು ತುಂಬೋದ್ರೊಳಗೆ ಒಂದೇ ಒಂದು. ಇದೂ ಆಗದೇ ಇದ್ರೆ ನನ್ನ ಕೈಲಿ ಇನ್ನೇನೂ ಆಗಲ್ಲ ಅಂತ ಅರ್ಥ."

ಕಂಡಕ್ಟರಮ್ಮ ಯೂನಿಫಾರಂ ಹರಡಿಕೊಂಡು ಇಸ್ತ್ರಿ ಹಾಕತೊಡಗಿದರು.

ಭಾನುವಾರ ಬಂತು. ಟೈಲರು ತಾವೇ ಹೊಲಿದ ಚಡ್ಡಿ ತೊಟ್ಟು ಸಾವಿರಾರು ಜನರ ನಡುವೆ ಸೇನಾಪತಿಯಂತೆ ನಿಂತರು. ಕೈಗಡಿಯಾರವನ್ನು ಬೇಕೆಂದೇ ಮನೆಯಲ್ಲಿ ಬಿಟ್ಟಿದ್ದರು. ಹೋದ ವರ್ಷ ಅದನ್ನು ನೋಡಿ ನೋಡಿಯೇ ಅರ್ಧ ಜೀವ ಹೋಗಿತ್ತು. ಈ ಸಲ ಗಡಿಯಾರ ಯಾಕೆ? ಹಿಂದೆ ಬರುವುದು ಸಾಕ್ಷಾತ್ ಕಂಡಕ್ಟರಮ್ಮನ ಬಸ್ಸು! ಅದು ತಮ್ಮ ಬೆನ್ನ ಹಿಂದೆ ಇರುವವರೆಗೂ ತಾವು ಹೊತ್ತಿಗೆ ಸರಿಯಾಗಿಯೇ ಇದ್ದೇವೆ ಎಂದು ಲೆಕ್ಕ.

ಹತ್ತು ಕಿಲೋಮೀಟರು ಗಾಳಿಯಂತೆ ಹೋಯಿತು. ಹದಿನೈದಕ್ಕೆ ಚಡ್ಡಿ ತನ್ನ ಬುದ್ಧಿ ತೋರಿಸಿತು. ಗಟ್ಟಿಯಾಗಿರಲಿ ಎಂದು ಒಳಗಡೆ ಹಾಕಿದ್ದ ಎರಡು ಸಾಲು ಹೊಲಿಗೆ ಗರಗಸದ ಹಾಗೆ ತೊಡೆ ಕೊಯ್ಯತೊಡಗಿತು. ಟೈಲರು ತಮ್ಮ ಹೊಲಿಗೆಗೆ ತಾವೇ ಶಾಪ ಹಾಕಿದ್ದು ಅದೇ ಮೊದಲು. ಗಿರಾಕಿಗಳು ಬಹಳ ಹಿಂದೆಯೇ ಶುರು ಮಾಡಿದ್ದರು.

ಮೂವತ್ತೆರಡರ ಹತ್ತಿರ ಹಾರನ್ ಕೇಳಿಸಿತು. ತಿರುಗಿ ನೋಡಿದರೆ ಬಂದೇಬಿಟ್ಟಿದೆ! ಮುಂದಿನ ಬಾಗಿಲ ಮೆಟ್ಟಿಲ ಮೇಲೆ ಕಂಡಕ್ಟರಮ್ಮ, ಬಾಯಲ್ಲಿ ಸೀಟಿ. ಕಿಟಕಿಯಲ್ಲಿ ಔಷಧಿ ಅಂಗಡಿಯವರು. ಟೈಲರ ಮಾತು ನಂಬಿ ಹೆಸರು ಕೊಟ್ಟು, ಒಂಬತ್ತನೇ ಕಿಲೋಮೀಟರಿನಲ್ಲೇ ಶರಣಾಗಿ ಬಸ್ಸು ಹತ್ತಿದವರು ಆರಾಮಾಗಿ ಕಿತ್ತಳೆಹಣ್ಣು ಸುಲಿಯುತ್ತಿದ್ದರು. ಅವರ ಹಿಂದೆ ಇನ್ನೂ ಹನ್ನೆರಡು ಮಂದಿ.

ಟೈಲರು ಜೀವ ಕೈಯಲ್ಲಿ ಹಿಡಿದು ಓಡಿದರು. ಒಂದು ಕಿಲೋಮೀಟರು. ಆಮೇಲೆ ಓಟ ನಡಿಗೆಯಾಯಿತು, ನಡಿಗೆ ಕುಂಟಾಯಿತು. ಮೊಣಕಾಲು ಒಂದು ಕಡೆ ಎಳೆದರೆ ಹಿಮ್ಮಡಿ ಇನ್ನೊಂದು ಕಡೆ. ಆದರೆ ಏನಾಶ್ಚರ್ಯ! ಬಸ್ಸು ಇಪ್ಪತ್ತು ಹೆಜ್ಜೆ ಹಿಂದೆಯೇ ಇದೆ! ಮೂವತ್ತಾರರಲ್ಲಿ ಕೂತು ಶೂ ದಾರ ಕಟ್ಟಿಕೊಂಡು ಎದ್ದರು, ಬಸ್ಸು ಆಗಲೂ ಇಪ್ಪತ್ತು ಹೆಜ್ಜೆ ಹಿಂದೆ. ಅಂತರ ಕಮ್ಮಿಯಾಗಿಲ್ಲ, ಅಂದರೆ ತಮ್ಮ ವೇಗವೂ ಕಮ್ಮಿಯಾಗಿಲ್ಲ! ಅಷ್ಟರಲ್ಲಿ ಊರುಗೋಲಿನ ಅಜ್ಜಿಯೊಬ್ಬರು ಚೀಲ ಹಿಡಿದು ಅವರನ್ನು ದಾಟಿ ಹೋದರು. ಭಾರಿ ಗಟ್ಟಿಗಿತ್ತಿ ಅಜ್ಜಿ ಅಂದುಕೊಂಡರು ಟೈಲರು.

ಬಸ್ಸಿನೊಳಗಿಂದ ಕೂಗು ಕೇಳಿಸುತ್ತಿತ್ತು. "ಬೇಗ! ಬೇಗ! ಏನ್ರೀ ಇದು, ಬೇಗ!" ತಮ್ಮ ಓಟ ಮುಗಿದರೂ ಇನ್ನೊಬ್ಬನನ್ನು ಹುರಿದುಂಬಿಸುವ ಈ ಮನಸ್ಸು ಎಷ್ಟು ಜನಕ್ಕಿರುತ್ತದೆ! ಟೈಲರು ತಿರುಗಿ ಕೈ ಬೀಸಿದರು. ಕೂಗು ಇನ್ನೂ ಜೋರಾಯಿತು.

ಮೂವತ್ತೊಂಬತ್ತರಲ್ಲಿ ಅತ್ತೇಬಿಟ್ಟರು. ಬಿಸಿಲು ನೆತ್ತಿ ಸುಡುತ್ತಿತ್ತು. ಯಾಕಪ್ಪಾ ಬೇಕಿತ್ತು ನನಗೆ ಇದೆಲ್ಲ? ಮಿಷನ್ ಮುಂದೆ ಕೂತು ನಾಲ್ಕು ಪ್ಯಾಂಟು ಹೊಲಿದಿದ್ದರೆ ನಾಲ್ಕು ಜನರಾದರೂ ನನ್ನನ್ನು ಬೈಯುವುದು ಬಿಡುತ್ತಿದ್ದರು! ಕೂತುಬಿಡೋಣ ಎನಿಸಿತು, ಹತ್ತಿಬಿಡೋಣ ಎನಿಸಿತು. ಕಾಲು ಮಾತ್ರ ಹೇಗೋ ಒಂದರ ಮುಂದೆ ಒಂದು ಬೀಳುತ್ತಿತ್ತು.

ನಲವತ್ತೊಂದೂವರೆ. ಮುಂದೆ ಇಳಿಜಾರು, ಇಳಿಜಾರಿನ ಕೊನೆಗೆ ಬಲೂನು ಕಟ್ಟಿದ ಕಮಾನು! ಟೈಲರು "ಬಂತು!" ಎಂದು ಕೂಗಿ ಓಡಲು ಕಾಲೆತ್ತಿದರು. ಎತ್ತಿದ ಕಾಲಿನ ಮೀನಖಂಡ ಕಲ್ಲಾಯಿತು. ಆ ಕಾಲು ಹಿಡಿದುಕೊಳ್ಳಲು ಬಗ್ಗಿದರೆ ಇನ್ನೊಂದೂ ಕಲ್ಲಾಯಿತು. ನಡುರಸ್ತೆಯಲ್ಲಿ ದಬಕ್ಕನೆ ಬಿದ್ದರು.

ಸೀಟಿ ಕೇಳಿತು, ಬಸ್ಸು ನಿಂತಿತು. ಕಂಡಕ್ಟರಮ್ಮ ಇಳಿದು ಬಂದು ಪಕ್ಕದಲ್ಲಿ ಮಂಡಿಯೂರಿದರು.

"ಎದ್ದೇಳೋಕೆ ಆಗುತ್ತಾ?"

"ಎರಡೇ ಎರಡು ನಿಮಿಷ ಕೊಡೇ. ಕೈ ಮುಗೀತೀನಿ."

ಕಂಡಕ್ಟರಮ್ಮ ಕಾಲು ಮುಟ್ಟಿದರೆ ಟೈಲರು ಕಿರುಚಿದರು. ಕಂಡಕ್ಟರಮ್ಮ ತಲೆಯಲ್ಲಾಡಿಸಿ, ಎದೆಯ ನಂಬರಿನ ನಾಲ್ಕೂ ಪಿನ್ನುಗಳನ್ನು ಒಂದೊಂದಾಗಿ ಬಿಚ್ಚಿದರು. ಬಸ್ಸಿನಲ್ಲಿದ್ದವರಲ್ಲಿ ಇಬ್ಬರು ಸೇರಿ ಟೈಲರನ್ನು ಹಳೇ ಬೀರು ಎತ್ತುವ ಹಾಗೆ ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದರು.

"ರೈಟ್!" ಅಂದರು ಕಂಡಕ್ಟರಮ್ಮ. ಇಂಜಿನ್ನು ಒಮ್ಮೆ ಕೆಮ್ಮಿ, ಬುಸ್ಸೆಂದು ಹೊಗೆ ಬಿಟ್ಟು ತಣ್ಣಗಾಯಿತು.

"ಆಯ್ತಲ್ಲ! ನಾನು ಬಡ್ಕೊಂಡೆ!" ಎಂದರು ಡ್ರೈವರು.

ಬೇರೆ ದಾರಿಯಿರಲಿಲ್ಲ. ಒಂಬತ್ತಕ್ಕೆ, ಹದಿನಾಲ್ಕಕ್ಕೆ, ಇಪ್ಪತ್ತಕ್ಕೆ ಸುಸ್ತಾಗಿ ಓಟ ಬಿಟ್ಟಿದ್ದ ಹದಿಮೂರು ಜನರೂ ಇಳಿದು ಬಸ್ಸು ತಳ್ಳತೊಡಗಿದರು. ಟೈಲರೂ ಏಳಲು ನೋಡಿದರು, ಎರಡು ಕಾಲೂ ಕೇಳಲಿಲ್ಲ. "ನೀವು ಕೂತ್ಕೊಳ್ಳಿ ಮಹಾರಾಯರೇ!" ಎಂದು ಹಿಂದಿನಿಂದ ಔಷಧಿ ಅಂಗಡಿಯವರು ಚೀರಿದರು. ಇಳಿಜಾರಿನಲ್ಲಿ ಬಸ್ಸು ಮೆಲ್ಲಗೆ ಹೊರಟಿತು. ಮುಂದೆ ಸೀಟಿ ಊದುತ್ತಾ ಕಂಡಕ್ಟರಮ್ಮ, ಹಿಂದೆ ಐಸಾ ಎನ್ನುತ್ತಾ ಹದಿಮೂರು ಮಂದಿ, ನಡುವೆ ಮೆರವಣಿಗೆಯ ಮೂರ್ತಿಯಂತೆ ಟೈಲರೊಬ್ಬರೇ!

"ಅದ್ಭುತ!" ಎಂದು ಮೈಕು ಗರ್ಜಿಸಿತು. "ಬಸ್ಸು ತಳ್ಳಿಕೊಂಡು ಬರುತ್ತಿರುವ ವೀರರಿಗೆ ಜೋರು ಚಪ್ಪಾಳೆ!" ಕಮಾನಿನ ಕೆಳಗೆ ಪದಕ ಹಿಡಿದು ನಿಂತಿದ್ದ ಹುಡುಗಿಯರು ಕಾಲ್ನಡಿಗೆಯಲ್ಲಿ ಬಂದವರ ಕೊರಳಿಗೆಲ್ಲ ಒಂದೊಂದು ಹಾಕಿದರು. ಕಂಡಕ್ಟರಮ್ಮನ ಕೊರಳಿಗೂ ಬಿತ್ತು.

ಟೈಲರು ಕಿಟಕಿಯಿಂದ ಕತ್ತು ಚಾಚಿದರು. "ನನಗಮ್ಮಾ?"

"ಸಾರಿ ಅಂಕಲ್, ಓಡಿ ಬಂದವರಿಗೆ ಮಾತ್ರ."

ಎಲ್ಲ ಚದುರಿ ಗಲಾಟೆ ಅಡಗಿದ ಮೇಲೆ ಕಂಡಕ್ಟರಮ್ಮ ಬಂದು ಎದುರು ಸೀಟಿನಲ್ಲಿ ಕೂತರು. ಟೈಲರ ಕಣ್ಣಲ್ಲಿ ದಳದಳ ನೀರು.

"ಎರಡು ನಿಮಿಷ! ಬರೀ ಎರಡು ನಿಮಿಷ ಕಾದಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ನಲವತ್ತೊಂದೂವರೆ ಕಿಲೋಮೀಟರ್ ನಿನ್ನ ಬಸ್ಸಿಗಿಂತ ಮುಂದೆ ಇದ್ದೋನು ನಾನು! ಕಟ್ಕೊಂಡವನ ಮೇಲೆ ಇಷ್ಟೂ ಕರುಣೆ ಇಲ್ಲವಲ್ಲೇ!"

ಕಂಡಕ್ಟರಮ್ಮ ಪೆನ್ನು ಹುಡುಕತೊಡಗಿದರು. ಚೀಲ ತೆಗೆದುಕೊಳ್ಳಲು ಬಂದಿದ್ದ ಔಷಧಿ ಅಂಗಡಿಯವರು ಮಾತ್ರ ಸುಮ್ಮನಿರಲಿಲ್ಲ.

"ಎರಡು ನಿಮಿಷಾನಾ? ರೀ ಟೈಲರೇ, ಗಂಟೆ ನೋಡಿ! ಒಂದು ಹೊಡೆದಿದೆ! ನಿಮ್ಮ ಓಟ ಮೂವತ್ಮೂರರಲ್ಲೇ ಮುಗಿದಿತ್ತು. ಅಲ್ಲಿಂದ ನಿಮ್ಮ ಮನೆಯವರು ಬಸ್ಸನ್ನ ನಿಮ್ಮ ಹಿಂದೇನೇ ತಡೆದು ಇಟ್ಕೊಂಡ್ರು. ಮುಂದಕ್ಕೆ ಬಿಡಿ ಅಂತ ನಾವೆಲ್ಲ ಬೇಗ ಬೇಗ ಅಂತ ಬಾಯಿ ಬಡ್ಕೊಂಡ್ರೆ, ಇವರು ಬೈಸ್ಕೊಂಡು ನಿಂತಿದ್ರು. ಇಷ್ಟು ನಿಧಾನ ಹೋದ್ರೆ ಇಂಜಿನ್ ಬೇಯುತ್ತೆ ಅಂತ ಡ್ರೈವರ್ ಎಷ್ಟು ಹೇಳಿದ್ರು ಗೊತ್ತಾ? ನೀವು ನೋಡಿದ್ರೆ ತಿರುಗಿ ಕೈ ಬೀಸ್ತಿದ್ರಿ!"

ಅವರು ಚೀಲ ತೆಗೆದುಕೊಂಡು ದಡದಡನೆ ಇಳಿದುಹೋದರು. ಟೈಲರಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಎಂಟೂವರೆ ಕಿಲೋಮೀಟರು ತಾವು ಬಸ್ಸಿನ ಮುಂದೆ ಓಡಿರಲಿಲ್ಲ. ಬಸ್ಸು ತಮ್ಮ ಹಿಂದೆ ಕಾದಿತ್ತು.

"ನಿಜವೇನೇ?"

"ಕಾಲು ಚಾಚಿ ಕೂತ್ಕೊಳ್ಳಿ, ನೋವು ಇಳಿಯುತ್ತೆ," ಎಂದರು ಕಂಡಕ್ಟರಮ್ಮ. ಆಮೇಲೆ ತೊಡೆಯ ಮೇಲೆ ಡಿಪೋಗೆ ಕೊಡಬೇಕಾದ ಹಾಳೆ ಇಟ್ಟುಕೊಂಡು ಬರೆಯತೊಡಗಿದರು. ಹೊರಟ ಹೊತ್ತು, ಐದು. ತಲುಪಿದ ಹೊತ್ತು, ಹನ್ನೆರಡು ಐವತ್ತು. ಹತ್ತೊಂಬತ್ತು ವರ್ಷದಲ್ಲಿ ಅವರ ಬಸ್ಸು ತಡವಾದದ್ದು ಇದೇ ಮೊದಲು. ತಡಕ್ಕೆ ಕಾರಣ ಎಂದಿದ್ದ ಕಡೆ ಪೆನ್ನು ನಿಂತಿತು.

"ಇಂಜಿನ್ ಕೆಟ್ಟಿತು ಅಂತ ಬರಿಯೇ," ಎಂದರು ಟೈಲರು ತಲೆ ಎತ್ತದೆ.

"ಇಂಜಿನ್ ಕೆಟ್ಟಿದ್ದು ಕೊನೇಲಿ. ಸುಳ್ಳು ಬರೆಯೋಕೆ ನನ್ನ ಕೈ ಬರಲ್ಲ."

ಒಂದೇ ಒಂದು ಪದ ಬರೆದರು. ಕೆಳಗೆ ರುಜು ಹಾಕಿ, ಶಾಯಿ ಒಣಗಲೆಂದು ಹಾಳೆಯನ್ನು ಟೈಲರ ಮುಂದೆ ಹಿಡಿದರು.

'ಗಂಡ.'