ನಿಂತಲ್ಲೇ ನಡುಗುವ ಕಾರು

ನಮ್ಮ ಕಾರು ಓಡುವಾಗ ಎಲ್ಲರ ಕಾರಿನಂತೆಯೇ ಇರುತ್ತಿತ್ತು. ನಿಂತಾಗ ಮಾತ್ರ ಅದರ ಮೈಮೇಲೆ ಏನೋ ಬರುತ್ತಿತ್ತು. ಸಿಗ್ನಲ್ಲಿನಲ್ಲಿ ಬ್ರೇಕ್ ಒತ್ತಿದರೆ ಸಾಕು. ಸ್ಟೀರಿಂಗು, ಸೀಟು, ಕನ್ನಡಿಯಲ್ಲಿ ಕಾಣುವ ನನ್ನ ಮುಖ, ಎಲ್ಲವೂ ಗಡಗಡ ನಡುಗುತ್ತಿದ್ದವು. ಇಂಜಿನ್ ಚಿತ್ರದ ಒಂದು ಹಳದಿ ದೀಪ ಹೊತ್ತಿಕೊಂಡು ನನ್ನನ್ನೇ ನೋಡುತ್ತಿತ್ತು.

ಗೋವಾದ ಫೋಂಡಾ ಊರಿನ ಸಣ್ಣ ಕಾರ್ಖಾನೆಯೊಂದರಲ್ಲಿ ಹದಿನೈದು ವರ್ಷಗಳಿಂದ ಲೇಥ್ ನಡೆಸುವವನು ನಾನು. ಯಂತ್ರಗಳು ನನ್ನ ಮಾತು ಕೇಳುತ್ತವೆ ಎಂಬುದು ನನ್ನ ಗಾಢವಾದ ನಂಬಿಕೆ. ಗ್ಯಾರೇಜಿಗೆ ಒಯ್ಯಿರಿ ಎಂದ ಹೆಂಡತಿ ಶಾಂತಾಳನ್ನು ನೋಡಿ ನಕ್ಕೆ. ಫೋನಿನಲ್ಲಿ ಎರಡು ವಿಡಿಯೋ ನೋಡಿ, ಬ್ಯಾಟರಿಯ ವೈರು ಕಳಚಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಜೋಡಿಸಿದೆ. ದೀಪ ಆರಿತು. ರೋಗ ವಾಸಿಯಾಗಿದೆ ಎಂದು ಮನೆಯಲ್ಲಿ ಅಧಿಕೃತವಾಗಿ ಪ್ರಕಟಿಸಿದೆ.

ಮೂರನೆಯ ದಿನ ದೀಪ ವಾಪಸು ಬಂತು.

ಕಾರನ್ನು ನಮಗೆ ಮಾರಿದವರು ಕಲಂಗುಟ್ ಕಡೆಯ ವಿಧವೆಯೊಬ್ಬರು. ಗಂಡ ತೀರಿಕೊಂಡ ಮೇಲೆ ಅದು ಎರಡು ವರ್ಷ ಶೆಡ್ಡಿನಲ್ಲೇ ನಿಂತಿತ್ತಂತೆ. ನಮ್ಮ ಯಜಮಾನರು ಇದನ್ನು ಯಾರಿಗೂ ಮುಟ್ಟಲು ಕೊಡುತ್ತಿರಲಿಲ್ಲ ಎಂದು ಆಕೆ ಹೇಳಿದ ಮಾತು ಶಾಂತಾಳ ತಲೆಯಲ್ಲಿ ಕೂತಿತ್ತು. ನಾನು ಅದಕ್ಕೆಲ್ಲ ಬೆಲೆ ಕೊಡುವವನಲ್ಲ. ಭಾನುವಾರ ಬಾನೆಟ್ ತೆರೆದು, ಅಡ್ಡ ಬಂದದ್ದನ್ನೆಲ್ಲ ಎಳೆದು ಬಿಚ್ಚಿ, ಪ್ಲಗ್ಗುಗಳನ್ನೇ ಬದಲಾಯಿಸಿದೆ.

ಕಾರು ಶುರುವಾಯಿತು. ನಡುಕ ದುಪ್ಪಟ್ಟಾಗಿತ್ತು. ಜೊತೆಗೆ ಒಳಗಿನಿಂದ ಹೊಸದೊಂದು ಸದ್ದು: "ಶ್ಶ್ಶ್..." ತುಟಿಯ ಮೇಲೆ ಬೆರಳಿಟ್ಟು ಯಾರೋ ಗದರಿಸಿದಂತೆ. ಆಕ್ಸಿಲರೇಟರ್ ಒತ್ತಿದರೆ ಕಡಿಮೆಯಾಗುತ್ತಿತ್ತು. ಬಿಟ್ಟರೆ ಮತ್ತೆ ಶುರು.

"ಯಾರೋ ಸುಮ್ಮನಿರು ಅನ್ನಾಕತ್ತಾರ್ರಿ," ಎಂದಳು ಶಾಂತಾ ಮೆಲ್ಲಗೆ.

ಹೊಸ ಪ್ಲಗ್ಗು ಹೊಂದಿಕೊಳ್ಳುವತನಕ ಹಾಗೆಯೇ ಎಂದು ವಿವರಿಸಿದೆ. ವಿವರಿಸುವಾಗ ನನ್ನ ದನಿಯೂ ತಾನಾಗಿ ತಗ್ಗಿತ್ತು.

ಆ ವಾರವೇ ಧಾರವಾಡದಲ್ಲಿ ಅತ್ತೆಯ ಕಣ್ಣಿನ ಪೊರೆಯ ಆಪರೇಷನ್. ಶಾಂತಾ ಒಬ್ಬಳೇ ಮಗಳು. ಅವಳು ಬರದೆ ಒಳಗೆ ಹೋಗುವುದಿಲ್ಲ ಎಂದು ಅತ್ತೆ ಹಟ ಹಿಡಿದಿದ್ದರು. ಬಸ್ಸಿಗೆ ಹೋಗೋಣ ಎಂದಳು. ಮನೆಯಲ್ಲಿ ಕಾರಿದ್ದೂ ಬಸ್ಸೇ ಎಂದೆ.

ಹೊರಟ ದಿನ ದಾರಿಯ ಅನಮೋಡ ಘಾಟಿಯಲ್ಲಿ ಮಂಜು ಕವಿದಿತ್ತು. ಬೆಳಗಿನ ಹತ್ತು ಗಂಟೆಗೆ ಮುಂದಿನ ಲಾರಿಯ ಹಿಂಭಾಗವೂ ಕಾಣುತ್ತಿರಲಿಲ್ಲ. ಒಂದು ತಿರುವಿನಲ್ಲಿ ಸಾಲು ನಿಂತಿತು. ನಾವೂ ನಿಂತೆವು. ಕಾರು ನಡುಗಿತು, "ಶ್ಶ್ಶ್" ಎಂದಿತು, ಆರಿಹೋಯಿತು. ಕೀಲಿ ತಿರುಗಿಸಿದೆ. ಮತ್ತೆ "ಶ್ಶ್ಶ್", ಮತ್ತೆ ಮೌನ. ಅಷ್ಟರಲ್ಲಿ ಮುಂದಿನ ಸಾಲು ಹೊರಟುಹೋಯಿತು. ಹಿಂದೆ ಯಾರಿದ್ದಾರೋ ತಿಳಿಯದು. ಗಾಜಿನಾಚೆ ಬರೀ ಬಿಳುಪು, ಎಲೆಗಳಿಂದ ನೀರು ತೊಟ್ಟಿಕ್ಕುವ ಸದ್ದು, ಒಳಗೆ ಆ ಹಳದಿ ದೀಪ. ನನ್ನ ಕತ್ತಿನ ಹಿಂದೆ ಯಾರೋ ಉಸಿರಾಡಿದಂತಾಯಿತು. ತಿರುಗಿ ನೋಡುವ ಧೈರ್ಯವಾಗಲಿಲ್ಲ. ಶಾಂತಾಳೂ ನೋಡಲಿಲ್ಲ.

"ರೀ, ಅವರಿಗೆ ಕೈ ಮುಗೀರಿ. ಅಲ್ಲಿ ನಮ್ಮವ್ವ ದಾರಿ ಕಾಯಾಕತ್ತಾಳ."

ಹದಿನೈದು ವರ್ಷದ ಲೇಥ್ ಅನುಭವಿ ಸ್ಟೀರಿಂಗಿಗೆ ಕೈ ಮುಗಿದ. ತೀರಿಕೊಂಡವರಿಗೆ ಕನ್ನಡ ಬರುತ್ತಿತ್ತೋ ಇಲ್ಲವೋ ಎಂದು ಅನುಮಾನವಾಗಿ, ನನ್ನ ಹರಕು ಕೊಂಕಣಿಯಲ್ಲಿ, ಪ್ಲಗ್ ಬದಲಾಯಿಸಿದ್ದಕ್ಕೆ ಕ್ಷಮೆ ಕೇಳತೊಡಗಿದೆ. ಆಗ ಕಿಟಕಿಯ ಗಾಜನ್ನು ಯಾರೋ ಬಡಿದರು.

ಬಿಳಿ ಗಡ್ಡ, ಬಿಳಿ ಟೋಪಿ, ಸುತ್ತ ಬಿಳಿ ಮಂಜು. ನಾನು ಕಿರುಚಿದೆನಂತೆ. ನನಗೆ ನೆನಪಿಲ್ಲ, ಶಾಂತಾಳಿಗೆ ಚೆನ್ನಾಗಿ ನೆನಪಿದೆ.

"ಯಾರ ಕೂಡ ಮಾತಾಡಾಕತ್ತೀರ್ರಿ?" ಎಂದಿತು ಆ ಮುಖ. ನಮ್ಮ ಹಿಂದೆ ಲಾರಿ ನಿಲ್ಲಿಸಿಕೊಂಡಿದ್ದ ಹುಬ್ಬಳ್ಳಿಯ ಡ್ರೈವರ್ ಮೌಲಾಸಾಬರು ಅವರು.

ಬಾನೆಟ್ ಎತ್ತಿಸಿ, ಕಾರು ಶುರು ಮಾಡಿಸಿ, ಆರದಂತೆ ಆಕ್ಸಿಲರೇಟರ್ ಮೆಲ್ಲಗೆ ಒತ್ತಿಸಿ, ಕಣ್ಣು ಮುಚ್ಚಿ ಕಿವಿಗೊಟ್ಟರು. ಕೈಯನ್ನು ಒಳಗೆ ತೂರಿಸಿದರು. "ಶ್ಶ್ಶ್" ತಟ್ಟನೆ ನಿಂತಿತು. ನಡುಕವೂ ನಿಂತಿತು. ಅವರ ಹೆಬ್ಬೆರಳು ಒಂದು ಸಣ್ಣ ನಳಿಕೆಯ ಬಾಯಿ ಮುಚ್ಚಿತ್ತು. ಅದಕ್ಕೆ ಸಿಕ್ಕಿಸಬೇಕಾದ ರಬ್ಬರ್ ಪೈಪು ಪಕ್ಕದಲ್ಲಿ ನೇತಾಡುತ್ತಿತ್ತು. ಮೊದಲೇ ತುದಿ ಸೀಳಿ ಗಾಳಿ ಎಳೆಯುತ್ತಿದ್ದ ಪೈಪು. ಭಾನುವಾರ ನಾನು ಪೂರ್ತಿಯಾಗಿ ಕಿತ್ತಿಟ್ಟಿದ್ದೆ. ಅವರು ಸೀಳಿದ ತುದಿಯನ್ನು ಚಾಕುವಿನಿಂದ ಕತ್ತರಿಸಿ, ಉಳಿದದ್ದನ್ನು ಒತ್ತಿ ಕೂರಿಸಿದರು. "ಯಾವ ಮೇಸ್ತ್ರಿ ಕೈ ಹಾಕಿದ್ನೋ," ಎಂದರು. ನಾನೂ ಆ ಮೇಸ್ತ್ರಿಯನ್ನು ಸ್ವಲ್ಪ ಬೈದೆ.

ಒಂದು ತಾಸು ತಡವಾಗಿ ಆಸ್ಪತ್ರೆ ತಲುಪಿದೆವು. ಅತ್ತೆ ಬಾಗಿಲಲ್ಲೇ ಕೂತಿದ್ದರು. ಕೊನೆಯವರಾಗಿ ಒಳಗೆ ಹೋದರು. ಆಪರೇಷನ್ ಚೆನ್ನಾಗಿಯೇ ಆಯಿತು. ಮರುದಿನ ಅವರನ್ನು ಗೋವಾಕ್ಕೆ ಕರೆದುಕೊಂಡು ಬರುವುದೆಂದಾಯಿತು. ತಲೆ ಕುಲುಕಬಾರದು ಎಂದು ಡಾಕ್ಟರರು ಹೇಳಿದ್ದರು. ಕಾರು ಈಗ ಕುಲುಕುವುದಿಲ್ಲ ಎಂದು ನಾನು ಎಷ್ಟು ಹೇಳಿದರೂ ತಾಯಿ ಮಗಳು ಬಸ್ಸು ಹತ್ತಿದರು.

ನಾನೊಬ್ಬನೇ ಕಾರಿನಲ್ಲಿ ಬಸ್ಸಿನ ಹಿಂದೆ ಹೊರಟೆ. ಇಂಜಿನ್ ಎಷ್ಟು ಮೆತ್ತಗಿತ್ತೆಂದರೆ ಹಿಂದಿನ ಸೀಟಿನ ನಿಶ್ಶಬ್ದವೂ ಕೇಳಿಸುತ್ತಿತ್ತು. ಬಸ್ಸು ನಿಂತಲ್ಲಿ ನಿಂತೆ, ಹೊರಟಾಗ ಹೊರಟೆ. ಘಾಟಿ ಇಳಿಯುವ ಮೊದಲು ಚಹಾಕ್ಕೆ ನಿಂತಾಗ ಕಂಡಕ್ಟರ್ ನನ್ನ ಬಳಿ ಬಂದು, ಧಾರವಾಡದಿಂದ ಯಾಕೆ ಬೆನ್ನು ಹತ್ತಿದ್ದೀರಿ ಎಂದು ಕೇಳಿದ.

ಬಸ್ಸಿನ ಕಿಟಕಿಯಿಂದ ಕಪ್ಪು ಕನ್ನಡಕದ ಅತ್ತೆ ಉತ್ತರಿಸಿದರು:

"ನಮ್ಮ ಅಳಿಯಾ ಅದಾನ್ರಿ. ಒಬ್ಬನ ಇದ್ರ ಅಂಜತಾನ."

ಇಡೀ ಬಸ್ಸು ಕಿಟಕಿಗೆ ಬಂದು ನನ್ನನ್ನು ನೋಡಿತು. ನಾನು ಗಾಜು ಏರಿಸಿಕೊಂಡೆ.