ನಾಮಕರಣದ ಫೋಟೊದಲ್ಲಿ ಅಜ್ಜಿ ಯಾರು?

ನಮ್ಮ ಮನೆಯಲ್ಲಿ ಹಳೇ ಫೋಟೊ ಹೊರಗೆ ಬಂದಾಗಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ಈ ಸಲದ್ದು ಅಮ್ಮನ ನಾಮಕರಣದ ದಿನ ತೆಗೆಸಿದ ಗುಂಪು ಫೋಟೊ. ಅದಾದ ಮೂರೇ ತಿಂಗಳಿಗೆ ಅಜ್ಜಿ ತೀರಿಕೊಂಡರು. ಅಮ್ಮನಿಗೆ ಹೆತ್ತವಳ ಮುಖವೇ ಗೊತ್ತಿಲ್ಲ. ತಾತ ಹೋದ ಮೇಲೆ ಟ್ರಂಕಿನ ತಳದಲ್ಲಿ ಈ ಫೋಟೊ ಸಿಕ್ಕಿತು. ಮಗು ಎತ್ತಿಕೊಂಡವಳೇ ತಾಯಿ, ಇನ್ಯಾರಿರುತ್ತಾರೆ ಎಂದು ಅಪ್ಪ ಆ ಮುಖವನ್ನು ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದರು. ಮೂವತ್ತು ವರ್ಷದಿಂದ ಮಹಾಲಯ ಅಮಾವಾಸ್ಯೆಗೆ ಅದಕ್ಕೇ ಹಾರ, ಅದಕ್ಕೇ ಎಡೆ.

ಹೋದ ತಿಂಗಳು ಬಂದಿದ್ದ ನೆಂಟರೊಬ್ಬರು, ನಿಮ್ಮಮ್ಮನ ಮೂಗು ಹೀಗಿರಲಿಲ್ಲವಂತೆ ಎಂದು ಹೇಳಿ, ಕಾಫಿ ಕುಡಿದು ಹೋದರು. ಅಮ್ಮನ ನಿದ್ದೆ ಹೋಯಿತು.

“ನಾನು ಸಾಯೋದ್ರೊಳಗೆ ನನ್ನಮ್ಮ ಯಾರು ಅಂತ ತೋರಿಸ್ಬುಡಪ್ಪ” ಎಂದಳು. ಮೇಟಗಳ್ಳಿಯ ಫ್ಯಾಕ್ಟರಿಗೆ ಎರಡು ದಿನ ರಜೆ ಹಾಕಿದೆ.

೧. ಮಾವನ ಕಾಲು

ಹೂಟಗಳ್ಳಿಯ ಮಾವ, ಎಂದರೆ ಅಮ್ಮನ ದೊಡ್ಡಪ್ಪನ ಮಗ, ನಾಮಕರಣದ ಹೊತ್ತಿಗೆ ನಾಲ್ಕು ವರ್ಷದವರು. ಭೂತಗನ್ನಡಿ ಹಿಡಿದು ಮುಕ್ಕಾಲು ಗಂಟೆ ನೋಡಿದರು. ಕೊನೆಗೆ ಮುಖ ಅರಳಿತು. ಬೆಂಚಿನ ಕೆಳಗಿಂದ ಇಣುಕುತ್ತಿದ್ದ ಒಂದು ಕಾಲನ್ನು ತೋರಿಸಿ, ಅದು ತಮ್ಮದೇ ಎಂದರು. ಫೋಟೊಗೆ ಹೆದರಿ ಬೆಂಚಿನಡಿ ಸೇರಿಕೊಂಡಿದ್ದರಂತೆ. ಮಿಕ್ಕವರು ಯಾರೂ ಗೊತ್ತಿಲ್ಲವಂತೆ. ಆ ಕಾಲನ್ನು ಮಾತ್ರ ದೊಡ್ಡದು ಮಾಡಿಸಿ ಕೊಡಲು ಹೇಳಿದರು.

೨. ‘ಗೊತ್ತಿಲ್ಲ’ದ ಮನುಷ್ಯ

ಅದೇ ಬೀದಿಯಲ್ಲಿ ತಾತನ ತಮ್ಮನ ಹೆಂಡತಿ, ಎಂದರೆ ನಮ್ಮ ಚಿಕ್ಕಜ್ಜಿ, ಇದ್ದಾರೆ. ಮದುವೆಯಾಗಿ ಬಂದು ಹತ್ತು ದಿನಕ್ಕೆ ಈ ನಾಮಕರಣ. ಗಂಡನ ಅಣ್ಣತಮ್ಮಂದಿರ ಹೆಸರನ್ನೆಲ್ಲ ಪಟಪಟ ಹೇಳಿದರು. ಒಬ್ಬರನ್ನು ಮಾತ್ರ ಬಿಟ್ಟರು. ಎರಡು ಸಲ ಕೇಳಿದರೂ ಸುಮ್ಮನಿದ್ದರು. ನಾನು ಫೋಟೊದ ಹಿಂದೆ ಪೆನ್ಸಿಲಿನಲ್ಲಿ ‘ಗೊತ್ತಿಲ್ಲ’ ಎಂದು ಬರೆದೆ. ಚಿಕ್ಕಜ್ಜಿಗೆ ಸಿಟ್ಟು ಬಂತು.

“ಐವತ್ತು ವರ್ಷ ಸಂಸಾರ ಮಾಡಿವ್ನಿ ಕಣೋ ಅವರ ಜೊತೆ. ಹೆಸರು ಹೇಳಬಾರದು ಅಂತ ಬುಟ್ಟರೆ, ಗೊತ್ತಿಲ್ಲ ಅಂತ ಬರ್ಕೊಳ್ತೀಯಾ?”

ಗಂಡ ತೀರಿಕೊಂಡು ಎಷ್ಟೋ ವರ್ಷವಾಗಿದ್ದರೂ ಹೆಸರು ಬಾಯಿಗೆ ಬರಲಿಲ್ಲ. ನಾನು ಅಳಿಸಿ ‘ಚಿಕ್ಕಜ್ಜಿಯ ಯಜಮಾನರು’ ಎಂದು ಬರೆದೆ. ಹೆಂಗಸರ ಮುಖ ಆಗಿನ್ನೂ ಗುರುತಾಗಿರಲಿಲ್ಲವಂತೆ; ತವರಿಗೆ ಹೋಗಿ ತಿರುಗಿ ಬರುವಷ್ಟರಲ್ಲಿ ನನ್ನ ಅಜ್ಜಿ ತೀರಿಕೊಂಡಿದ್ದರಂತೆ. ಆದರೆ ಮಗು ಎತ್ತಿಕೊಂಡವಳು ನಮ್ಮ ಮನೆಯವಳಲ್ಲ, ಪಕ್ಕದ ಮನೆಯವಳು ಎಂದರು. ಆ ಪಕ್ಕದ ಮನೆಯವರು ತೀರಿಕೊಂಡು ಎಷ್ಟು ವರ್ಷವಾಯಿತು ಎಂದು ಕೇಳಿದೆ. ಉದಯಗಿರಿಯಲ್ಲಿ ಮಗಳ ಮನೆಯಲ್ಲಿದ್ದಾಳೆ, ಮೊನ್ನೆ ಫೋನು ಮಾಡಿದ್ದಳು ಎಂದರು.

೩. ಹಾರ ಹಾಕಿಸಿಕೊಂಡವರು

ಮಾರನೇ ದಿನ ಅಮ್ಮನನ್ನು ಕರೆದುಕೊಂಡು ಉದಯಗಿರಿಗೆ ಹೋದೆ. ಅಮ್ಮ ಕಟ್ಟು ಹಾಕಿಸಿದ ಫೋಟೊವನ್ನೂ ಚೀಲದಲ್ಲಿ ತಂದಿದ್ದಳು. ಅವಸರದಲ್ಲಿ ಹಾರ ತೆಗೆದಿದ್ದಳೇ ಹೊರತು ಗಾಜಿನ ಮೇಲಿನ ಕುಂಕುಮ ಒರೆಸಿರಲಿಲ್ಲ. ತೊಂಬತ್ತು ದಾಟಿದ ಆ ಅಜ್ಜಿ ತಮ್ಮ ಮುಖವನ್ನೂ ಕುಂಕುಮವನ್ನೂ ನೋಡಿದರು. ಅಮ್ಮ ತಲೆ ತಗ್ಗಿಸಿ, ಹಾರ, ಎಡೆ ಎಲ್ಲವನ್ನೂ ಒಪ್ಪಿಕೊಂಡಳು. ಅಜ್ಜಿ ಕೆಮ್ಮು ಬರುವಷ್ಟು ನಕ್ಕರು.

ಆಮೇಲೆ ಗುಂಪು ಫೋಟೊ ಕೈಗೆ ತೆಗೆದುಕೊಂಡರು. ಅವತ್ತು ನನ್ನ ಅಜ್ಜಿ ಹೊಸ ಸೀರೆ ಉಟ್ಟಿದ್ದರಂತೆ. ಮಗು ಒದ್ದೆ ಮಾಡಿಕೊಂಡಿತ್ತಂತೆ. ಫೋಟೊ ಮುಗಿಯುವವರೆಗೆ ಹಿಡಿದುಕೋ ಎಂದು ಇವರ ಕೈಗೆ ಕೊಟ್ಟರಂತೆ.

“ಪಕ್ಕದಲ್ಲಿ ನಿಂತವಳೇ ನಿಮ್ಮಮ್ಮ. ಎಲ್ಲರೂ ಕ್ಯಾಮೆರಾ ನೋಡ್ತಾವ್ರೆ, ಅವಳೊಬ್ಬಳು ನಿನ್ನನ್ನೇ ನೋಡ್ತಾವ್ಳೆ, ನೋಡು.”

ಅಮ್ಮ ನೋಡಿದಳು. ಬಹಳ ಹೊತ್ತು ನೋಡಿ ಅತ್ತಳು. ತಾಯಿ ಹೋದ ಮೇಲೆ, ತಾತ ಊರು ಬಿಡುವವರೆಗೂ ಅಮ್ಮನಿಗೆ ಹಾಲು ಕೊಟ್ಟು ಉಳಿಸಿದ್ದು ಈ ಅಜ್ಜಿಯೇ ಎಂಬುದೂ ಆಗಲೇ ಗೊತ್ತಾಯಿತು. ಅಮ್ಮ ಅವರ ಕಾಲಿಗೆ ಬಿದ್ದಳು, ನಾನೂ ಬಿದ್ದೆ. ಅಪ್ಪ ಮಾಡಿದ ತಪ್ಪಿಗೆ ನಾನು ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು.

ಹೊರಡುವಾಗ ಅಜ್ಜಿ, ಎಡೆಗೆ ವಡೆ ಮಾಡುತ್ತಿದ್ದಿರಾ ಎಂದು ಕೇಳಿದರು. ಅಮ್ಮ ಹೌದೆಂದಳು.

“ಮೂವತ್ತು ವರ್ಷದ್ದು ಒಂದೂ ನಂಗೆ ತಲುಪ್ಲಿಲ್ಲ ಕಣಮ್ಮ. ಈ ಸಲ ಫೋಟೊ ಮುಂದೆ ಇಡಬೇಡ, ಮೆತ್ತಗೆ ಮಾಡಿ ಇಲ್ಲಿಗೇ ತಂದ್ಕೊಡು. ಫೋಟೊದಲ್ಲಿ ಇರೋ ಹಲ್ಲು ಈಗಿಲ್ಲ.”